ಈ ಬೇಸಿಗೆ ಬಿಡಿಸಿದ್ದೆಲ್ಲ ನೆರಳು

ಮೈಸೂರಿನ ಬೇಸಿಗೆ ಅಂದರೆ ಎಲ್ಲರೂ ಹೂವಿನ ಮಾತಾಡುತ್ತಾರೆ. ಮಾತಾಡಲೇಬೇಕು ಬಿಡಿ. ಮಾರ್ಚ್‌ನಲ್ಲಿ ಜಕರಂಡ, ಏಪ್ರಿಲ್‌ನಲ್ಲಿ ಕಕ್ಕೆ, ಮೇ ಬಂತೆಂದರೆ ಗುಲ್‌ಮೊಹರ್. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ರಾಶಿ ರಾಶಿ. ನಾನೂ ಇಷ್ಟು ವರ್ಷ ರಜೆ ಬಂದ ಕೂಡಲೇ ಹೂವಿನ ಚಿತ್ರವನ್ನೇ ಬಿಡಿಸುತ್ತಿದ್ದೆ. ಈ ಸಲ ಕಣ್ಣು ಹೂವಿನಿಂದ ಕೆಳಗಿಳಿದು ನೆಲದ ಮೇಲೆ ನಿಂತಿತು. ಮರದ ಬುಡ, ಗೋಡೆಯ ಮಗ್ಗುಲು, ಚಪ್ಪರದ ಒಳಗು. ಎರಡು ತಿಂಗಳು ನಾನು ಬಿಡಿಸಿದ್ದೆಲ್ಲ ನೆರಳು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಚಿತ್ರ ಬಿಡಿಸುವುದು ನನಗೆ ಊಟ ತಿಂಡಿಯಷ್ಟೇ ಬೇಕಾದದ್ದು, ಆದರೆ ಅದರಿಂದ ಸಂಪಾದನೆ ಏನಿಲ್ಲ. ಜಲವರ್ಣವೇ ಇಷ್ಟ. ಒಂದು ದಪ್ಪ ಕಾಗದದ ಪುಸ್ತಕ, ಹತ್ತು ಹನ್ನೆರಡು ಟ್ಯೂಬ್ ಬಣ್ಣ, ಎರಡು ಕುಂಚ, ಒಂದು ನೀರಿನ ಬಾಟಲಿ. ಇಷ್ಟನ್ನು ಬಟ್ಟೆ ಚೀಲಕ್ಕೆ ಹಾಕಿಕೊಂಡರೆ ಎಲ್ಲಿ ಬೇಕಾದರೂ ಕೂರಬಹುದು. ಮನೆ ಸರಸ್ವತಿಪುರಂನಲ್ಲಿ. ಹಳೆಯ ಮನೆ, ಮುಂದೆ ಅಂಗಳ, ಹಿಂದೆ ಹಿತ್ತಲು. ಹಿತ್ತಲಿನ ಮೂಲೆಯಲ್ಲಿ ಒಂದು ಹೊಂಗೆ ಮರ. ತೋಟದ ನಿಜವಾದ ಯಜಮಾನಿ ನಮ್ಮ ಅತ್ತೆ. ಯಾವ ಗಿಡಕ್ಕೆ ಯಾವ ತಿಂಗಳು ಏನು ಬೇಕು ಅನ್ನುವುದು ಅವರ ಬೆರಳ ತುದಿಯಲ್ಲಿದೆ.

ನೆರಳಿನ ಕಡೆ ನನ್ನನ್ನು ತಿರುಗಿಸಿದ್ದು ಹೊಂಗೆ ಮರವೇ. ಮಾಗಿ ಕಳೆಯುವ ಹೊತ್ತಿಗೆ ಹೊಂಗೆ ಎಲೆ ಉದುರಿಸುತ್ತದೆ. ಹೆಚ್ಚು ದಿನ ಬೋಳಾಗಿ ಇರುವುದಿಲ್ಲ. ಬಿಸಿಲು ಏರುವುದಕ್ಕೆ ಸರಿಯಾಗಿ ಚಿಗುರಿ, ಯುಗಾದಿ ದಾಟುವುದರೊಳಗೆ ಮೈತುಂಬ ಎಲೆ. ಅದು ಎಂಥ ಹಸಿರು! ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಎಳೆ ಹಸಿರು. ಬೇರೆ ಮರಗಳು ಸೊರಗಿ ನಿಂತಿರುವಾಗ ಇದೊಂದು ದಟ್ಟ ನೆರಳು ಹಾಸುತ್ತದೆ. ಹೊಂಗೆ ನೆರಳಿನ ತಂಪು ಇನ್ನೊಂದು ಮರಕ್ಕಿಲ್ಲ ಅಂತ ನಮ್ಮ ಕಡೆ ಸುಮ್ನೆ ಹೇಳುವುದಿಲ್ಲ. ಅದರ ಮೇಲೆ ಹೂವು ಬೇರೆ. ತಿಳಿ ನೇರಳೆ ಛಾಯೆಯ ಬಿಳಿ ಹೂವು, ಅವರೆ ಹೂವಿನ ಜಾತಿಯದ್ದು. ಬೆಳಗ್ಗೆ ಎದ್ದು ನೋಡಿದರೆ ನೆರಳಿದ್ದಷ್ಟು ಅಗಲಕ್ಕೂ ಅಕ್ಕಿ ಚೆಲ್ಲಿದಂತೆ ಬಿದ್ದಿರುತ್ತದೆ. ಅತ್ತೆ ಅದನ್ನು ಗುಡಿಸಿ ಬಿಸಾಡುವುದಿಲ್ಲ. ಮಲ್ಲಿಗೆ ಬುಡಕ್ಕೆ ಎಳೆಯುತ್ತಾರೆ.

ಆ ನೆರಳಿನಲ್ಲಿ ಕೂತು ನೆಲ ನೋಡಿದರೆ ದುಂಡು ದುಂಡು ಬೆಳಕಿನ ಚುಕ್ಕೆಗಳು ಕಾಣುತ್ತವೆ. ಎಲೆಗಳ ನಡುವಿನ ಸಂದುಗಳು ದುಂಡಗಿಲ್ಲ. ಒಂದು ಮೂರು ಮೂಲೆ, ಒಂದು ಸೀಳು, ಇನ್ನೊಂದಕ್ಕೆ ಆಕಾರವೇ ಇಲ್ಲ. ಆದರೂ ಕೆಳಗೆ ಬೀಳುವ ಚುಕ್ಕೆ ಮಾತ್ರ ದುಂಡಗೆ. ಯಾಕೆಂದರೆ ಅದು ಸಂದಿನ ಆಕಾರವಲ್ಲ, ಸೂರ್ಯನದ್ದು. ಸಣ್ಣ ಕಿಂಡಿಯಿಂದ ತೂರಿ ಬಂದ ಬೆಳಕು ನೆಲದ ಮೇಲೆ ಸೂರ್ಯನ ಬಿಂಬವನ್ನೇ ಮೂಡಿಸುತ್ತದೆ. ಖಂಡಗ್ರಹಣದ ದಿನ ಮರದ ಕೆಳಗೆ ನೋಡಿದ್ದರೆ ಗೊತ್ತಿರುತ್ತದೆ, ಅವತ್ತು ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿರುತ್ತವೆ. ತರಗತಿಯಲ್ಲಿ ಮಕ್ಕಳಿಗೆ ಇದನ್ನು ಹೇಳಿದ್ದೇನೆ. ಕುಂಚ ಹಿಡಿದು ಒಂದೊಂದೇ ಚುಕ್ಕೆಗೆ ಜಾಗ ಬಿಡುತ್ತ ಸುತ್ತ ಬಣ್ಣ ತುಂಬುವಾಗ ಅದರ ಅರ್ಥ ಬೇರೆಯೇ ಆಯಿತು. ನಮ್ಮ ಹಿತ್ತಲಿನ ತುಂಬ ಸೂರ್ಯಂದಿರು. ಎಷ್ಟು ಜನ ಅದನ್ನು ತುಳಿದುಕೊಂಡು ಓಡಾಡುತ್ತೇವೆ!

ಏಪ್ರಿಲ್ 22ರ ಸುಮಾರಿಗೆ ಮೈಸೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಮ್ಮೂರಿರುವುದು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಉತ್ತರಾಯಣದಲ್ಲಿ ಮೇಲೆ ಮೇಲೆ ಸರಿಯುತ್ತ ಬರುವ ಸೂರ್ಯ ಆ ಹೊತ್ತಿಗೆ ನಮ್ಮ ನೇರಕ್ಕೆ ತಲುಪಿರುತ್ತಾನೆ. ಗಡಿಯಾರದಲ್ಲಿ 12 ಗಂಟೆ 22 ನಿಮಿಷದ ಆಸುಪಾಸಿಗೆ ನೆಟ್ಟಗೆ ನಿಂತ ಯಾವ ವಸ್ತುವಿಗೂ ಪಕ್ಕದಲ್ಲಿ ನೆರಳಿರುವುದಿಲ್ಲ. ನಾನು ಅಂಗಳದಲ್ಲಿ ಒನಕೆ ನಿಲ್ಲಿಸಿ, ಬೆಳಗ್ಗೆಯಿಂದ ಅದರ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದೆ.

ಅತ್ತೆ ಬಾಗಿಲಿಗೆ ಬಂದು, "ಏನಮ್ಮಾ ಇದು, ಇವತ್ತು ಗ್ರಹಣ ಏನಾದ್ರೂ ಇದೆಯಾ?" ಅಂದರು. ಗ್ರಹಣ ಹಿಡಿದಾಗ ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುವುದು ಅವರ ತವರಿನಲ್ಲಿ ರೂಢಿ.

"ಇಲ್ಲ ಅತ್ತೆ, ಇವತ್ತು ಮಧ್ಯಾಹ್ನ ಒನಕೆಗೆ ನೆರಳೇ ಇರಲ್ಲ, ನೋಡಿ."

ಅವರೂ ಬಂದು ಕೂತರು. ನೆರಳು ಕುಗ್ಗುತ್ತ ಕುಗ್ಗುತ್ತ ಒನಕೆಯ ಬುಡಕ್ಕೆ ಸೇರಿಕೊಂಡಿತು. ಆಮೇಲೆ ಅತ್ತೆ ಹೇಳಿದ ಮಾತು ನನಗೆ ಪಾಠವಾಯಿತು. "ಇನ್ಮೇಲೆ ಬಡಗಲ ಗೋಡೆಗೆ ಬಿಸಿಲು ಶುರು. ಜರಿಗಿಡ ಎಲ್ಲಾ ಆಚೆ ತೆಗೀಬೇಕು. ಪ್ರತೀ ವರ್ಷ ತೆಗೀತೀನಲ್ಲ."

ನಿಜವೇ. ಏಪ್ರಿಲ್ 22ರಿಂದ ಆಗಸ್ಟ್ 20ರ ಸುಮಾರಿನ ತನಕ ಮೈಸೂರಿನಲ್ಲಿ ನಡು ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉತ್ತರದ ಗೋಡೆ ತಂಪು ಅನ್ನುವುದು ವರ್ಷದ ಉಳಿದ ತಿಂಗಳುಗಳ ಮಾತು. ಜೂನ್ 21ರಂದು ಸೂರ್ಯ ನೆತ್ತಿಯಿಂದ 11 ಡಿಗ್ರಿಯಷ್ಟು ಉತ್ತರಕ್ಕೆ ವಾಲಿರುತ್ತಾನೆ. ಅಷ್ಟೇ ಅಲ್ಲ, ಮಾರ್ಚ್ ಕೊನೆಯಿಂದಲೇ ಹುಟ್ಟುವುದೂ ಮುಳುಗುವುದೂ ಉತ್ತರಕ್ಕೆ ವಾಲಿಕೊಂಡು. ಹಾಗಾಗಿ ಬೆಳಗ್ಗೆ ಸಂಜೆ ಓರೆ ಬಿಸಿಲು ಆ ಗೋಡೆಗೆ ಬೀಳುತ್ತಲೇ ಇರುತ್ತದೆ. ಇದನ್ನು ನಾನು ಲೆಕ್ಕದಿಂದ ಬಲ್ಲೆ. ಅತ್ತೆ ಜರಿಗಿಡದ ತುದಿ ಕಂದುವುದನ್ನು ನೋಡಿ ಬಲ್ಲರು. ನನಗೆ ಅವರ ಜ್ಞಾನವೇ ದೊಡ್ಡದು ಅನ್ನಿಸುತ್ತದೆ. ತಾರೀಖು ಗೊತ್ತಿಲ್ಲದೆ, ಕೋನ ಗೊತ್ತಿಲ್ಲದೆ, ಎಲೆ ನೋಡಿಕೊಂಡೇ ಸೂರ್ಯನ ದಾರಿ ಹಿಡಿದಿದ್ದಾರೆ.

ಅವತ್ತು ಸಂಜೆ ನಮ್ಮನೆಯವರೂ ಕೈಜೋಡಿಸಿದರು. ಜರಿಗಿಡ, ದೊಡ್ಡಪತ್ರೆ, ಮನಿ ಪ್ಲಾಂಟ್ ಎಲ್ಲ ಹೊಂಗೆ ಕೆಳಕ್ಕೆ ಬಂದವು. ದುಂಡುಮಲ್ಲಿಗೆ ಕುಂಡಗಳು ಬಿಸಿಲಿಗೆ ಹೋದವು. ಮಲ್ಲಿಗೆಗೆ ಬಿಸಿಲು ಬೇಕೇ ಬೇಕು, ನೆರಳಲ್ಲಿಟ್ಟರೆ ಬರೀ ಎಲೆ ಬಿಡುತ್ತದೆ. ಚಳಿಗಾಲದಲ್ಲಿ ಅತ್ತೆ ಅದನ್ನು ಮೊಂಡಾಗಿ ಸವರಿ ಬಿಟ್ಟಿದ್ದರು, ಈಗ ಪ್ರತಿ ಕವಲಿನ ತುದಿಯಲ್ಲೂ ಮೊಗ್ಗು. ಟೊಮೇಟೊ, ಮೆಣಸಿನ ಗಿಡಕ್ಕೆ ಮಾತ್ರ ತಾರಸಿ ಮೇಲೆ ಹಸಿರು ಶೇಡ್ ನೆಟ್ ಕಟ್ಟಿದೆವು. ಕುಂಡದ ಮಣ್ಣಿಗೆಲ್ಲ ತರಗೆಲೆಯ ಹೊದಿಕೆ. ನೀರು ದಿನಾ ಬರುವುದಿಲ್ಲವಲ್ಲ, ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಒಂದು ತೊಟ್ಟೂ ಮೋರಿಗೆ ಹೋಗಲಿಲ್ಲ. ದಾಸವಾಳಕ್ಕೆ ಹಿಟ್ಟು ತಿಗಣೆ ಬಂತು. ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆದೆವು, ಹೋಯಿತು.

ಈಗ ಬಣ್ಣದ ಮಾತು.

ನೆರಳು ಕಪ್ಪಲ್ಲ. ಇದನ್ನು ಓದಿ ತಿಳಿಯುವುದು ಸುಲಭ, ಕಣ್ಣಿಗೆ ಒಪ್ಪಿಸುವುದು ಕಷ್ಟ. ನಮ್ಮ ಅಂಗಳದ ಸಿಮೆಂಟಿನ ಮೇಲೆ ಬೆಳಗ್ಗೆ ಎಂಟಕ್ಕೆ ಬೀಳುವ ನೆರಳು ನೀಲಿ. ಬಿಸಿಲು ತಾಗದ ಆ ಜಾಗಕ್ಕೆ ಆಕಾಶದ ಬೆಳಕು ಮಾತ್ರ ಸಿಗುತ್ತದೆ, ಅದಕ್ಕೇ ನೀಲಿ. ಅದೇ ನೆರಳು ಹಿತ್ತಲಿನ ಕೆಮ್ಮಣ್ಣಿನ ಮೇಲೆ ಬಿದ್ದರೆ ನೇರಳೆ ಹಣ್ಣಿನ ಬಣ್ಣಕ್ಕೆ ಹತ್ತಿರ. ಹೊಂಗೆ ಕೆಳಗೆ ಎಲೆ ತೂರಿ ಬರುವ ಬೆಳಕಿನಿಂದ ಹಸಿರು ಕಲೆತಿರುತ್ತದೆ. ಪಕ್ಕದಲ್ಲಿ ಕೆಂಪು ಹೆಂಚು ಇದ್ದರೆ ಅದರ ಬಿಸಿ ಬಣ್ಣವೂ ನೆರಳಿಗೆ ಹತ್ತಿಕೊಳ್ಳುತ್ತದೆ. ನಾನು ಕಪ್ಪು ಟ್ಯೂಬನ್ನು ಚೀಲದಿಂದಲೇ ತೆಗೆದಿಟ್ಟೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಒಳ್ಳೆಯ ಬೂದು ಬರುತ್ತದೆ. ನೀಲಿ ಜಾಸ್ತಿ ಹಾಕಿದರೆ ಬೆಳಗಿನ ನೆರಳು, ಕಂದು ಜಾಸ್ತಿ ಹಾಕಿದರೆ ಸಂಜೆಯದ್ದು. ಅಲ್ಟ್ರಾಮರೀನ್‌ಗೆ ಇನ್ನೊಂದು ಗುಣವಿದೆ. ಅದರ ಕಣಗಳು ಕಾಗದದ ತಗ್ಗುಗಳಲ್ಲಿ ಇಳಿದು ಕೂರುತ್ತವೆ. ಒಣಗಿದ ಮೇಲೆ ನೋಡಿದರೆ ಮರಳು ಮರಳಾಗಿ ಕಾಣುತ್ತದೆ. ಮಣ್ಣಿನ ಮೇಲಿನ ನೆರಳಿಗೆ ಅದಕ್ಕಿಂತ ಚೆಂದದ್ದು ಸಿಗುವುದಿಲ್ಲ.

ಏಪ್ರಿಲ್ ಬಿಸಿಲಿನಲ್ಲಿ ಜಲವರ್ಣದ ತೊಂದರೆ ಏನೆಂದರೆ ಕಾಗದ ಕಾಯುವುದಿಲ್ಲ. ಒಂದು ಕಡೆಯಿಂದ ಬಣ್ಣ ಎಳೆದುಕೊಂಡು ಇನ್ನೊಂದು ಕಡೆಗೆ ಬರುವಷ್ಟರಲ್ಲಿ ಮೊದಲಿನದು ಒಣಗಿ ಅಂಚು ಕಟ್ಟಿರುತ್ತದೆ. ಅದಕ್ಕೆ ಕಾಗದದ ಎರಡೂ ಬದಿ ಚೆನ್ನಾಗಿ ನೆನೆಸಿ ಹಲಗೆಗೆ ಅಂಟಿಸಿಕೊಳ್ಳುತ್ತಿದ್ದೆ. ಇಸ್ತ್ರಿ ಮಾಡುವಾಗ ಚಿಮುಕಿಸುವ ಸ್ಪ್ರೇ ಬಾಟಲಿ ಪಕ್ಕದಲ್ಲೇ ಇರುತ್ತಿತ್ತು. ಬೆಳಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ. ನಡುವೆ ನೆರಳೇ ಕಾಲಡಿ ಮುದುಡಿಕೊಂಡಿರುತ್ತದೆ. ಇನ್ನೊಂದು ಕಲಿತೆ. ನೆರಳು ಸರಿಯುತ್ತದೆ, ಆದ್ದರಿಂದ ಮೊದಲು ಅದರ ಅಂಚನ್ನು ಪೆನ್ಸಿಲಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಆಮೇಲೆ ನೆಲದ ನೆರಳು ಎತ್ತ ಹೋದರೂ ಅದರ ಹಿಂದೆ ಹೋಗಬಾರದು. ಹಿಂದೆ ಹೋದರೆ ಒಂದೇ ಚಿತ್ರದಲ್ಲಿ ಎರಡು ಸೂರ್ಯ ಆಗಿಬಿಡುತ್ತದೆ.

ಮನೆಯಲ್ಲಿ ಕೈ ಕುದುರಿದ ಮೇಲೆ ಹೊರಗೆ ಹೊರಟೆ. ಬೇಸಿಗೆಯ ತೋಟ ನೋಡುವುದು ಅಂದರೆ ನನಗೆ ಈಗ ಒಂದೇ ಪ್ರಶ್ನೆ. ಇಲ್ಲಿ ಕೂರುವುದಕ್ಕೆ ನೆರಳಿದೆಯಾ?

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಎಲೆ ತೋಟ. ಮೈಸೂರು ವೀಳ್ಯದೆಲೆಗೆ ಭೌಗೋಳಿಕ ಸೂಚಿಕೆ (ಈ ಊರಿನದ್ದೇ ಬೆಳೆ ಅನ್ನುವ ಜಿಐ ಗುರುತು) ಇದೆ, ಮೈಸೂರು ಮಲ್ಲಿಗೆಗೂ ನಂಜನಗೂಡು ರಸಬಾಳೆಗೂ ಇರುವ ಹಾಗೆ. ವಿದ್ಯಾರಣ್ಯಪುರಂ ದಾಟಿ ನಂಜನಗೂಡು ರಸ್ತೆಯ ಆ ಕಡೆಯೆಲ್ಲ ಒಂದು ಕಾಲಕ್ಕೆ ಎಲೆ ತೋಟಗಳೇ. ಈಗ ಬಡಾವಣೆಗಳ ನಡುವೆ ಅಲ್ಲೊಂದು ಇಲ್ಲೊಂದು ಉಳಿದಿವೆ. ಪರಿಚಯದವರ ಮೂಲಕ ಹೇಳಿಸಿ ಒಂದು ತೋಟಕ್ಕೆ ಹೋದೆ.

ರಸ್ತೆಯಲ್ಲಿ ಟಾರು ಕಾದು ಚಪ್ಪಲಿ ಸುಡುತ್ತಿತ್ತು. ಬೇಲಿ ದಾಟಿ ಒಳಗೆ ಕಾಲಿಟ್ಟರೆ ಮೈಮೇಲೆ ಒದ್ದೆ ಬಟ್ಟೆ ಹೊದ್ದಿಸಿದ ಹಾಗೆ ತಂಪು. ಅಗಸೆ, ನುಗ್ಗೆ, ಹಾಲುವಾಣದ ಸಾಲು. ಒಂದೊಂದು ಮರಕ್ಕೂ ಬಳ್ಳಿ ಹಬ್ಬಿಸಿ ಬಾಳೆ ನಾರಿನಲ್ಲಿ ಕಟ್ಟಿದ್ದಾರೆ. ಸಾಲಿನ ನಡುವೆ ಸಣ್ಣ ಕಾಲುವೆ, ಅದರಲ್ಲಿ ಹಿಂದಿನ ದಿನ ಹಾಯಿಸಿದ ನೀರಿನ ಪಸೆ. ಅಗಸೆಯ ಎಲೆ ಸಣ್ಣ, ಗರಿ ಗರಿ. ಅದು ಬಿಸಿಲನ್ನು ಪೂರ್ತಿ ತಡೆಯುವುದಿಲ್ಲ, ಜರಡಿ ಹಿಡಿಯುತ್ತದೆ. ಹಾಗೆ ಸೋಸಿ ಬಂದ ಬೆಳಕು ವೀಳ್ಯದೆಲೆಯ ಮೇಲೆ ಬಿದ್ದಾಗ ಎಲೆ ಒಳಗಿನಿಂದ ಹೊತ್ತಿಕೊಂಡಂತೆ ಕಾಣುತ್ತದೆ. ಒಂದು ಚಿಗುರೆಲೆಯನ್ನು ಹತ್ತಿರದಿಂದ ನೋಡುತ್ತ ಕೂತೆ. ತೊಟ್ಟಿನಿಂದ ಹೊರಟ ನರಗಳು ಬಿಲ್ಲಿನ ಹಾಗೆ ಬಾಗಿ ತುದಿಯ ಕಡೆ ಹೋಗಿ ಕೂಡಿಕೊಳ್ಳುತ್ತವೆ. ನರದ ಎರಡೂ ಬದಿ ಎಲೆ ಸ್ವಲ್ಪ ಉಬ್ಬಿರುತ್ತದೆ, ಆ ಉಬ್ಬಿನ ಒಂದು ಮಗ್ಗುಲಲ್ಲಿ ಆಕಾಶದ ಬಿಳುಪು, ಇನ್ನೊಂದು ಮಗ್ಗುಲಲ್ಲಿ ಕಡು ಹಸಿರು. ಒಂದೇ ಎಲೆಯಲ್ಲಿ ನಾಲ್ಕು ಹಸಿರು ಎಣಿಸಿದೆ. ನಿಂಬೆ ಹಳದಿ ಬೆರೆತದ್ದು, ಸ್ಯಾಪ್ ಗ್ರೀನ್, ನೀಲಿ ಕಲೆತದ್ದು, ತೊಟ್ಟಿನ ಹತ್ತಿರ ಕೆಂಪು ಛಾಯೆಯದ್ದು.

ತೋಟದ ಯಜಮಾನರು ಬಳ್ಳಿ ಕಟ್ಟುತ್ತಲೇ ಮಾತಾಡಿದರು. "ಎಲೆಗೆ ನೆರಳೂ ಬೇಕು, ಬಿಸಿಲೂ ಬೇಕು ಮೇಡಮ್ಮೋರೆ. ನೆರಳು ಜಾಸ್ತಿ ಆದ್ರೆ ಎಲೆ ತೆಳ್ಳಗಾಯ್ತದೆ, ರೋಗ ಬತ್ತದೆ. ಬಿಸಿಲು ಜಾಸ್ತಿ ಆದ್ರೆ ಸುಟ್ಟೋಯ್ತದೆ. ಅದ್ಕೇ ಅಗಸೆ ರೆಂಬೆ ಆಗಾಗ ಸವರ್ತಾ ಇರ್ಬೇಕು."

ಅವರು ಮಾಡುತ್ತಿರುವುದು ನೆರಳಿನ ಬೇಸಾಯ. ಯಾವ ರೆಂಬೆ ಕಡಿದರೆ ಎಲ್ಲಿ ಎಷ್ಟು ಬಿಸಿಲು ಇಳಿಯುತ್ತದೆ ಅಂತ ತಲೆ ಎತ್ತಿ ನೋಡಿ ಹೇಳಿಬಿಡುತ್ತಾರೆ. ನಾನು ಬಣ್ಣದಲ್ಲಿ ಹುಡುಕುತ್ತಿದ್ದ ಲೆಕ್ಕವನ್ನು ಅವರು ಮಚ್ಚಿನಲ್ಲಿ ಬರೆಯುತ್ತಾರೆ. ಹೊರಡುವಾಗ ಒಂದು ಕಟ್ಟು ಎಲೆ, ಜೊತೆಗೆ ನೆಡುವುದಕ್ಕೆ ಅಂತ ಬಳ್ಳಿಯ ತುಂಡು ಕೊಟ್ಟರು. ದುಡ್ಡು ತಗೊಳ್ಳಲಿಲ್ಲ. "ಎಲೆ ತೋಟಕ್ಕೆ ಬಂದು ಬರಿಗೈಲಿ ಹೋಗ್ಬಾರ್ದು" ಅಂದರು.

ಬೃಂದಾವನಕ್ಕೂ ಹೋದೆವು. ಮಂಡ್ಯ ಜಿಲ್ಲೆಯ ಗಡಿಯೊಳಗಿದ್ದರೂ ಮೈಸೂರಿನವರು ಅದನ್ನು ನಮ್ಮದೇ ಅನ್ನುತ್ತೇವೆ. ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರು ಕಾಶ್ಮೀರದ ಶಾಲಿಮಾರ್ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿಸಿದ್ದು. 1927ರಲ್ಲಿ ಶುರುವಾಗಿ 1932ರಲ್ಲಿ ಮುಗಿಯಿತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಂಕಣಗಳು, ನಡುವೆ ಹರಿಯುವ ನೀರು. ಜನ ಅಲ್ಲಿಗೆ ರಾತ್ರಿ ದೀಪ ನೋಡುವುದಕ್ಕೆ ಹೋಗುತ್ತಾರೆ. ನನಗೆ ಸಂಜೆ ಐದರ ಬೃಂದಾವನ ಇಷ್ಟ. ಆದರೆ ನಿಜ ಹೇಳಬೇಕೆಂದರೆ ಅದು ದೂರದಿಂದ ನೋಡುವ ತೋಟ. ಬೇಸಿಗೆಯಲ್ಲಿ ಕೂತು ಬಿಡಿಸುವವರಿಗೆ ಬಿಸಿಲೇ ಬಿಸಿಲು. ಕಾರಂಜಿಯ ಹನಿ ಗಾಳಿಗೆ ಹಾರಿ ಬಂದು ಕಾಗದದ ಮೇಲೆ ಬಿದ್ದು, ಅಲ್ಲಲ್ಲಿ ಬಣ್ಣ ಹೂ ಬಿಟ್ಟಿತು. ಆ ಚಿತ್ರವನ್ನು ಹಾಗೇ ಇಟ್ಟುಕೊಂಡಿದ್ದೇನೆ.

ನೆರಳಿನ ದೃಷ್ಟಿಯಿಂದ ನೋಡಿದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ನನ್ನ ಪಾಲಿಗೆ ದೊಡ್ಡ ಪಾಠಶಾಲೆ. 1784ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಬೇಸಿಗೆ ಅರಮನೆ. ಕಾವೇರಿಯ ದಂಡೆ, ಸುತ್ತ ತೋಟ, ನಡುವೆ ಹೆಚ್ಚು ಎತ್ತರವಿಲ್ಲದ ತೇಗದ ಕಟ್ಟಡ. ಬೇಸಿಗೆ ಕಳೆಯುವುದಕ್ಕೇ ಕಟ್ಟಿದ ಮನೆ ಅಂತ ಒಳಗೆ ಹೋದ ಕೂಡಲೇ ಗೊತ್ತಾಗುತ್ತದೆ. ಸುತ್ತಲೂ ಅಗಲವಾದ ಪಡಸಾಲೆ, ಅದರ ಮೇಲೆ ಇಳಿಬಿದ್ದ ಮಾಡು. ಗೋಡೆಗೆ ನೇರ ಬಿಸಿಲು ತಾಗದ ಹಾಗೆ. ಆ ಗೋಡೆಗಳ ತುಂಬ ಚಿತ್ರ. ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧ. ಕುದುರೆ, ಫಿರಂಗಿ, ನೂರಾರು ಸೈನಿಕರು, ನಡುವೆ ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಸೇನೆಯ ಕರ್ನಲ್ ಬೇಯ್ಲಿ. ಬಿಸಿಲು ಬಣ್ಣ ತಿನ್ನದಿರಲಿ ಅಂತ ಪಡಸಾಲೆಗೆ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಹಾಗಾಗಿ ಒಳಗಿನ ಬೆಳಕೆಲ್ಲ ತಿಳಿ ಹಸಿರು. ಕೆಲವರು ಕತ್ತಲೆ, ಏನೂ ಸರಿಯಾಗಿ ಕಾಣಲ್ಲ ಅಂತ ಗೊಣಗುತ್ತ ಹೊರಟುಹೋಗುತ್ತಿದ್ದರು. ಸ್ವಲ್ಪ ಹೊತ್ತು ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಮೊದಲು ಕುದುರೆಗಳ ಬಿಳುಪು ಮೇಲೆ ಬರುತ್ತದೆ, ಆಮೇಲೆ ಕೆಂಪು ಅಂಗಿಗಳು, ಕೊನೆಗೆ ಕಡು ಹಸಿರು. ಬಣ್ಣಗಳು ಹೀಗೆ ಒಂದೊಂದಾಗಿ ಎದುರಿಗೆ ಬಂದು ನಿಲ್ಲುವುದನ್ನು ನೋಡಬೇಕಾದರೆ ಆ ಮಬ್ಬು ಬೆಳಕೇ ಬೇಕು.

ಹೊರಗೆ ಬಂದು ಮರವೊಂದರ ಕೆಳಗೆ ಕೂತು ಆ ಪಡಸಾಲೆಯನ್ನೇ ಬಿಡಿಸಿದೆ. ಕಂಬಗಳು, ಅವುಗಳ ಹಿಂದಿನ ನೆರಳು. ಗೋಡೆ ಚಿತ್ರಗಳನ್ನು ಬಿಡಿಸಲಿಲ್ಲ. ಅವು ಬದುಕಿರುವ ತಂಪನ್ನು ಮಾತ್ರ.

ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಮೇ ತಿಂಗಳಲ್ಲಿ ಮತ್ತೆ ಹೋದದ್ದೂ ಇದೇ ಕಾರಣಕ್ಕೆ. ಅಲ್ಲಿನ ದೀಪ ಹಿಡಿದ ಮಹಿಳೆಯ ಚಿತ್ರ ಮೈಸೂರಿನ ಮಕ್ಕಳಿಗೂ ಗೊತ್ತು. ರವಿವರ್ಮನದ್ದು ಅಂತ ಇವತ್ತಿಗೂ ಎಷ್ಟೋ ಜನ ಹೇಳುತ್ತಾರೆ. ಬಿಡಿಸಿದವರು ಎಸ್.ಎಲ್. ಹಲ್ದಂಕರ್. 1940ರ ದಶಕದ ಚಿತ್ರ, ರೂಪದರ್ಶಿಯಾಗಿ ನಿಂತವಳು ಅವರ ಮಗಳು. ಎಲ್ಲಕ್ಕಿಂತ ಮುಖ್ಯವಾಗಿ ಅದು ಜಲವರ್ಣ. ನಾನು ಉಪಯೋಗಿಸುವ ಅದೇ ನೀರು, ಅದೇ ಬಗೆಯ ಬಣ್ಣ! ಜಲವರ್ಣದಲ್ಲಿ ಬೆಳಕು ಅಂದರೆ ಬಣ್ಣ ಹಚ್ಚದೆ ಉಳಿಸಿಕೊಂಡ ಕಾಗದ. ಆಮೇಲೆ ಸೇರಿಸುತ್ತೇನೆ ಅಂದರೆ ಆಗದು. ಸುತ್ತಲಿನ ಕತ್ತಲನ್ನು ಪದರ ಪದರವಾಗಿ ಕಟ್ಟುತ್ತ ಬಂದರೆ ಮಾತ್ರ ನಡುವಿನ ದೀಪ ಉರಿಯುತ್ತದೆ. ದೀಪಕ್ಕೆ ಅಡ್ಡ ಹಿಡಿದ ಕೈಯನ್ನು ನೋಡಿ. ಬೆರಳ ಸಂದಿನಲ್ಲಿ ಬೆಳಕು ತೂರಿ ಚರ್ಮ ಕೆಂಪಗೆ ಹೊಳೆಯುತ್ತದೆ. ಎಲೆ ತೋಟದಲ್ಲಿ ಚಿಗುರೆಲೆ ಹೊತ್ತಿಕೊಂಡಿತ್ತಲ್ಲ, ಅದೇ ಗುಟ್ಟು ಇಲ್ಲಿ ಬೆರಳಿನಲ್ಲಿದೆ. ಅವತ್ತು ನಾನು ಆ ಚಿತ್ರದ ಮುಖ ನೋಡಿದ್ದು ಕಡಿಮೆ, ಸೀರೆಯ ನೆರಿಗೆಗಳ ನಡುವಿನ ನೆರಳನ್ನೇ ನೋಡಿದೆ.

ನಮ್ಮೂರಿನವರೇ ಆದ ಕೆ. ವೆಂಕಟಪ್ಪನವರ ಜಲವರ್ಣಗಳನ್ನು ನೋಡಬೇಕಾದರೆ ಬೆಂಗಳೂರಿಗೆ ಹೋಗಬೇಕು. 1886ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತವರು. ಊಟಿಯ ಬೆಟ್ಟ, ಮಂಜು, ಬೆಳಕನ್ನು ಬಿಡಿಸಿದ ಅವರ ಚಿತ್ರಗಳ ಮುಂದೆ ಹಿಂದೊಮ್ಮೆ ನಿಂತಿದ್ದೆ. ಒಂದು ಜಾಗದ ಹವೆಯನ್ನು ಹೀಗೂ ಹಿಡಿಯಬಹುದಾ ಅನ್ನಿಸಿತ್ತು. ಮೈಸೂರಿನ ಬೇಸಿಗೆಯನ್ನು ಯಾರಾದರೂ ಹಾಗೆ ಹಿಡಿದಿಡಬೇಕು ಅನ್ನುವ ಆಸೆ ನನಗೆ ಅಂದಿನಿಂದ ಇದೆ.

ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಮಳೆಮರ ಇದೆ. ರೈನ್ ಟ್ರೀ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ದೂರದ ಅಮೆರಿಕ ಖಂಡದಿಂದ ಬಂದು ಈ ನೆಲಕ್ಕೆ ಒಗ್ಗಿಹೋದ ಮರ. ಅದರ ಕೊಡೆ ರಸ್ತೆಯ ಆ ಕಡೆಯಿಂದ ಈ ಕಡೆಗೆ ಹರಡಿದೆ. ಕೆಳಗೆ ಎಳನೀರಿನ ಗಾಡಿ, ಇಸ್ತ್ರಿ ಅಂಗಡಿ, ಆಟೋಗಳು. ಸಂಜೆ ಅಲ್ಲಿ ಬಿಡಿಸುತ್ತ ಕೂತಿದ್ದಾಗ ಒಂದು ಸೋಜಿಗ ಕಂಡಿತು. ಆರು ಗಂಟೆ ದಾಟುತ್ತಿದ್ದಂತೆ ಎಲೆಗಳು ಒಂದಕ್ಕೊಂದು ಮಡಚಿಕೊಳ್ಳತೊಡಗಿದವು. ಅಲ್ಲಿಯವರೆಗೆ ದಟ್ಟವಾಗಿದ್ದ ಕೊಡೆಯಲ್ಲಿ ಆಕಾಶ ಇಣುಕಿತು. ಮೋಡ ಕವಿದಾಗಲೂ ಈ ಮರ ಹೀಗೇ ಎಲೆ ಮಡಚುತ್ತದೆ. ಬಿಸಿಲಿದ್ದಾಗ ನೆರಳು ಬಿಚ್ಚಿ, ಬೇಡವಾದಾಗ ಮಡಚಿಡುತ್ತದೆ. ಇಸ್ತ್ರಿ ಅಂಗಡಿಯವರು ನನ್ನ ಚಿತ್ರ ನೋಡಿ, "ಈ ಮರ ಇಲ್ದೇ ಹೋಗಿದ್ರೆ ನಮ್ ಅಂಗಡಿ ಇಲ್ಲಿರ್ತಿರ್ಲಿಲ್ಲಕ್ಕ" ಅಂದರು. ಕೆಂಡದ ಪೆಟ್ಟಿಗೆಯ ಮುಂದೆ ದಿನವಿಡೀ ನಿಲ್ಲುವವರ ಮಾತು ಅದು.

ಈ ಮಾತನ್ನು ನಾನು ಮನಸ್ಸಿಗೆ ಹಚ್ಚಿಕೊಂಡೇ ಬರೆಯುತ್ತಿದ್ದೇನೆ. ಹೊಸ ಬಡಾವಣೆಗಳಲ್ಲಿ ಓಡಾಡಿದರೆ ಎದೆ ಧಸಕ್ಕೆನ್ನುತ್ತದೆ. ಕಾಂಪೌಂಡಿನಿಂದ ರಸ್ತೆಯ ತನಕ ಇಂಟರ್‌ಲಾಕ್ ಕಲ್ಲು, ಗೇಟಿನ ಎರಡೂ ಬದಿ ಕುಂಡದಲ್ಲಿ ಎರಡು ಅಲಂಕಾರದ ಗಿಡ. ಉದ್ಯಾನ ಅಂತ ಬೋರ್ಡ್ ಇರುತ್ತದೆ, ಒಳಗೆ ಹುಲ್ಲುಹಾಸು, ಬಿಸಿಲಲ್ಲಿ ಕಾದ ಕಬ್ಬಿಣದ ಬೆಂಚು. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆ ಅಲ್ಲಿ ಯಾರು ಕೂರುತ್ತಾರೆ? ಸೊಪ್ಪು ಮಾರುವವರು ಬುಟ್ಟಿ ಇಳಿಸುವುದೆಲ್ಲಿ? ಹೂವಿನ ಗಿಡ ಹಾಕುವವರು ಒಂದು ಹೊಂಗೆ, ಒಂದು ಕಕ್ಕೆ, ಒಂದು ಹೊಳೆ ದಾಸವಾಳ ಹಾಕಲಿ. ಕಕ್ಕೆಯೂ ಹೊಳೆ ದಾಸವಾಳವೂ ಬೇಸಿಗೆಯಲ್ಲೇ ಮರದ ತುಂಬ ಹೂ ಬಿಡುತ್ತವೆ, ನಮ್ಮ ಕಾಡಿನವೇ ಮರಗಳು. ಹೂವೂ ಸಿಗುತ್ತದೆ, ನೆರಳೂ ಸಿಗುತ್ತದೆ.

ಗುಲ್‌ಮೊಹರ್ ಮೇಲೆ ನನಗೆ ಕೋಪವಿಲ್ಲ, ಅದು ಮಡಗಾಸ್ಕರ್‌ನಿಂದ ಬಂದದ್ದಾದರೂ ನನ್ನ ಬಾಲ್ಯವೇ ಅದರ ಕೆಳಗೆ ಕಳೆದಿದೆ. ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು ಕೋಳಿ ಜಗಳ ಆಡದವರು ಮೈಸೂರಿನಲ್ಲಿ ಯಾರಿದ್ದಾರೆ? ಒಂದು ಹೂವನ್ನು ಬಿಡಿಸಿ ನೋಡಿ. ಐದು ಎಸಳು, ನಾಲ್ಕು ಅಪ್ಪಟ ಕೆಂಪು. ಐದನೆಯದು ಸ್ವಲ್ಪ ದೊಡ್ಡದು, ಬಿಳಿ ಹಳದಿ ಮೈಮೇಲೆ ಕೆಂಪು ಗೆರೆ. ಮರದ ಮೇಲೆ ಕಣ್ಣು ಕುಕ್ಕುವ ಆ ಕೆಂಪು ಉದುರಿ ನೆರಳಿಗೆ ಬಿದ್ದಾಗ ಹುಣಸೆ ಗೊಜ್ಜಿನ ಬಣ್ಣಕ್ಕೆ ತಿರುಗುತ್ತದೆ. ಒಂದೇ ಎಸಳು ಅರ್ಧ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಬಿದ್ದಿತ್ತು. ಈ ಬೇಸಿಗೆಯ ಚಿತ್ರಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಆ ಎಸಳಿನದ್ದೇ.

ಅಶ್ವಿನಿ ಮಳೆ ಈ ಸಲ ಬರೀ ಗುಡುಗಿ ಹೋಯಿತು. ಭರಣಿ ಕೈಬಿಡಲಿಲ್ಲ. ಭರಣಿ ಮಳೆ ಧರಣಿಯೆಲ್ಲ ಬೆಳೆ ಅಂತ ಅತ್ತೆ ಜಗುಲಿಯಲ್ಲಿ ನಿಂತು ಹೇಳಿದರು, ಅವರ ಮುಖದ ಮೇಲೆ ಎರಚಲು. ಮಾರನೇ ವಾರ ಫುಟ್‌ಬಾಲ್ ಲಿಲಿ ನೆಲ ಒಡೆದು ಬಂತು. ವರ್ಷವೆಲ್ಲ ಆ ಕುಂಡದಲ್ಲಿ ಗಿಡ ಇದೆಯೋ ಇಲ್ಲವೋ ಅನ್ನುವ ಹಾಗಿರುತ್ತದೆ. ಈಗ ಕೆಂಪು ಚೆಂಡು. ಮೋಡದ ದ್ವೀಪಗಳು ಬಂದು ಹೋಗುವಾಗ ಅಂಗಳದ ನೆರಳೂ ಬಂದು ಹೋಗತೊಡಗಿತು. ಅಂಚು ಗಟ್ಟಿಯಾಗಿರುವುದಿಲ್ಲ, ಕಾಗದವೂ ಬೇಗ ಒಣಗುವುದಿಲ್ಲ. ಬಿಡಿಸುವ ಬಗೆಯನ್ನೇ ಬದಲಾಯಿಸಬೇಕು. ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಬಿಟ್ಟು ಅದು ಹರಡಿದಷ್ಟಕ್ಕೆ ಬಿಡುವುದು. ಅದನ್ನು ಈಗ ಅಭ್ಯಾಸ ಮಾಡುತ್ತಿದ್ದೇನೆ.

ಎಲೆ ತೋಟದವರು ಕೊಟ್ಟ ಬಳ್ಳಿ ತುಂಡುಗಳನ್ನು ಹೊಂಗೆ ಬುಡದಲ್ಲಿ ನೆಟ್ಟಿದ್ದೆವು. ಎರಡು ಕಡೆ ಚಿಗುರು ಬಂದಿದೆ. ಅಲ್ಲಿ ನೆರಳು ಸ್ವಲ್ಪ ಜಾಸ್ತಿ, ಪೂರ್ವದ ಕಡೆಯ ಒಂದು ರೆಂಬೆ ಸವರಬೇಕು ಅನ್ನುವುದು ಅತ್ತೆಯ ವಾದ. ಯಾವ ರೆಂಬೆ ಅನ್ನುವುದರ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ. ಆಗಸ್ಟ್ 20ರ ಸುಮಾರಿಗೆ ಸೂರ್ಯ ದಕ್ಷಿಣಕ್ಕೆ ಮರಳುವ ದಾರಿಯಲ್ಲಿ ಮತ್ತೆ ನಮ್ಮ ನೆತ್ತಿ ದಾಟುತ್ತಾನೆ. ಮೋಡ ಬಿಡುವು ಕೊಟ್ಟರೆ ಅವತ್ತು ಶಾಲೆಯ ಮೈದಾನದಲ್ಲಿ ಎಂಟನೇ ತರಗತಿ ಮಕ್ಕಳ ಕೈಗೆ ಸೀಮೆಸುಣ್ಣ ಕೊಡುತ್ತೇನೆ. ಒನಕೆ ನಮ್ಮ ಮನೆಯದ್ದೇ, ಅತ್ತೆ ಆಗಲೇ ಒಪ್ಪಿಗೆ ಕೊಟ್ಟಿದ್ದಾರೆ.